ಬೆಳಕು ನೋಡಿ ಕೂರುವವರು

ಶನಿವಾರ. ಜಾಗ್ರೆಬ್ ನಡುಪೇಟೆ. ನೀಲಿ ಟ್ರಾಮು ಇಳಿದರೆ
ಎದುರಿಗೇ ಹನ್ನೆರಡು ಹೋಟೆಲು, ಹನ್ನೆರಡೂ ಕರೆಯುತ್ತಿದ್ದವು.
ಅಪ್ಪ ಬಾಗಿಲಲ್ಲಿ ನಿಂತು ಮೊದಲು ನೋಡುತ್ತಿದ್ದದ್ದು
ದರಪಟ್ಟಿಯನ್ನಲ್ಲ, ಸೂರನ್ನು:
ದೀಪ ಎಲ್ಲಿ ನೇತಾಡಿದೆ, ಕಿಟಕಿ ಯಾವ ಕಡೆಗಿದೆ,
ಕೂತವರ ಕೈಗಳ ಮೇಲೆ ನೆರಳು ಬೀಳುತ್ತದೋ.

ಮೋಂಬತ್ತಿ ಹಚ್ಚಿದ ಕಡೆ ಅಮ್ಮ ಒಳಗೇ ಬರುತ್ತಿರಲಿಲ್ಲ.
ಆ ಮಬ್ಬಿನಲ್ಲಿ ಪ್ರೇಮಿಗಳು ಪಿಸುಗುಟ್ಟಬಹುದು,
ನಾವು ಕೂತರೆ ಮೂಕರಾಗುತ್ತೇವೆ.

ಉದ್ದ ಮೇಜೂ ಬೇಡ, ತುದಿಯಲ್ಲಿದ್ದವರ ಮಾತು ಕಾಣುವುದಿಲ್ಲ.
ನಡುವೆ ಹೂದಾನಿ ಇದ್ದರೆ ಅಪ್ಪ ಅದನ್ನೆತ್ತಿ
ಪಕ್ಕದ ಮೇಜಿಗೆ ದಾಟಿಸುತ್ತಿದ್ದ,
ಮಾತಿಗೆ ಅಡ್ಡಬಾಯಿ ಹಾಕಿದವನನ್ನು
ಕೈಹಿಡಿದು ಎಬ್ಬಿಸಿದ ಹಾಗೆ.

ನನಗೆ ಆಗ ಏಳು ವರ್ಷ. ಹೆಸರು ನೇವಾ. ಕೆಲಸ: ಕಿವಿ.
ಮಾಣಿ ಕೇಳಿದ್ದನ್ನು ಬೆರಳಿಗೆ ಇಳಿಸುವುದು,
ಬೆರಳು ಹೇಳಿದ್ದನ್ನು ನಾಲಗೆಗೆ ಏರಿಸುವುದು.
ಸಾರು ಎರಡು, ಗಿಣ್ಣು ತುಂಬಿದ ಶ್ಟ್ರುಕ್ಲಿ ಮೂರು,
ಒಂದಕ್ಕೆ ಕೆನೆ ಕಡಿಮೆ, ತಮ್ಮನಿಗೆ ಎತ್ತರದ ಕುರ್ಚಿ.
ಕೆಲವರು ನನ್ನ ಕೆನ್ನೆ ಸವರಿ "ಪಾಪ" ಎನ್ನುತ್ತಿದ್ದರು.
ಅದೊಂದನ್ನು ನಾನು ತರ್ಜುಮೆ ಮಾಡುತ್ತಿರಲಿಲ್ಲ.

ಮಕ್ಕಳಿಗೆಂದೇ ಮಾಡಿಸಿದ್ದು ಅಂತ ಊರೆಲ್ಲ ಹೊಗಳುವ ಒಂದು ಜಾಗ.
ಬಣ್ಣದ ಪೆನ್ಸಿಲು, ಗೋಡೆಯ ತುಂಬ ಜಿರಾಫೆ, ಮೂಲೆಯಲ್ಲಿ ಜಾರುಬಂಡೆ.
ಅಲ್ಲಿ ರೋಕೊ ಚಮಚದಿಂದ ತಟ್ಟೆ ಬಡಿದ.
ಬಡಿದ, ಬಡಿದ, ಬಡಿದ.
ಅಪ್ಪ ಅಮ್ಮ ಮನೆಬಾಡಿಗೆಯ ಬಗ್ಗೆ ಜಗಳದಲ್ಲಿದ್ದರು, ಕೈತುಂಬ.
ತಲೆಗಳು ಒಂದೊಂದೇ ತಿರುಗಿದವು.
ಹಸಿರು ಕೋಟಿನ ಹೆಂಗಸು ಗಟ್ಟಿಯಾಗಿಯೇ ಅಂದಳು:
"ಈ ಮಗುವಿಗೆ ಹೇಳುವವರು ಕೇಳುವವರು ಯಾರೂ ಇಲ್ಲವಾ?"

ಹೇಳುವವರು ಇಬ್ಬರಿದ್ದರು.
ಕೇಳುವವಳು ನಾನೊಬ್ಬಳೇ.

ಚಮಚ ಕಿತ್ತುಕೊಂಡೆ. ರೋಕೊ ಅತ್ತ.
ಏನಾಯಿತು ಎಂದು ಅಮ್ಮನ ಹುಬ್ಬು. ಏನಿಲ್ಲ ಎಂದು ನನ್ನ ಬೆರಳು.
ಬೆರಳಿಗೂ ಸುಳ್ಳು ಬರುತ್ತದೆಂದು ಅವತ್ತು ಗೊತ್ತಾಯಿತು.

ಆಮೇಲೆ ನಮ್ಮ ಸವಾರಿ ತರಕಾರಿ ಸಂತೆಯ ಮೆಟ್ಟಿಲ ಕೆಳಗೆ,
ಶ್ಟೆಫಿತ್ಸಾ ಅಜ್ಜಿಯ ಅಂಗಡಿಗೆ. ಜಿರಾಫೆ ಇಲ್ಲ.
ಎತ್ತರದ ಕುರ್ಚಿ ಕೇಳಿದರೆ ಕೋಸಿನ ಪೆಟ್ಟಿಗೆ ಬೋರಲು ಹಾಕಿ
ಅದರ ಮೇಲೆ ತನ್ನ ಉಣ್ಣೆಯ ಶಾಲು ಮಡಿಸಿಟ್ಟಳು.
ಬೀದಿಯ ಕಡೆಗೆ ಇಡೀ ಗೋಡೆಯೇ ಗಾಜು. ಒಂದೇ ಒಂದು ದುಂಡು ಮೇಜು, ನಮಗೆ.
ಉಳಿದಂತೆ ಸಂತೆಯವರ ಗದ್ದಲ: ಪಾತ್ರೆ, ಫುಟ್‌ಬಾಲು, ಮೀನಿನ ರೇಟು.
ಒಬ್ಬರ ಮಾತು ಒಬ್ಬರಿಗೆ ಕೇಳದೆ ಎಲ್ಲರೂ "ಏನು? ಏನು?"
ಅಪ್ಪ ಸುತ್ತ ನೋಡಿ ನಕ್ಕ:
ಇಲ್ಲಿ ಸರಾಗ ಮಾತಾಡುತ್ತಿರುವವರು ನಾವೊಬ್ಬರೇ.

ಟ್ರಾಮು ಹೋದರೆ ಲೋಟದ ನೀರು ನಡುಗುತ್ತಿತ್ತು.
ಹನ್ನೆರಡಕ್ಕೆ ಗ್ರಿಚ್ ಗೋಪುರದ ಫಿರಂಗಿ ಹಾರಿದರೆ
ಪಾರಿವಾಳ ಏಳುತ್ತಿದ್ದವು, ಅಪ್ಪ ಎದೆ ಮುಟ್ಟಿ ತೋರಿಸುತ್ತಿದ್ದ, ಬಂತು, ಇಲ್ಲಿ.
ರೋಕೊ ಹುಟ್ಟಿದ ತಿಂಗಳು ಆ ಸದ್ದಿಗೆ ಮೊದಲ ಸಲ ಬೆಚ್ಚಿದಾಗ
ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡಿದ್ದರು.
ಅದು ಖುಷಿಯೋ, ಇನ್ನೇನೋ.
ನಾನು ಓದಲಾರದೆ ಹೋದ ನೋಟ ಅದೊಂದೇ.

ಈಗ ಆಫೀಸಿನಲ್ಲಿ ಯಾರಾದರೂ ಕೇಳುತ್ತಾರೆ,
ನೇವಾ, ಮಕ್ಕಳನ್ನು ಕರೆದುಕೊಂಡು ಪೇಟೆಗೆ ಹೋದರೆ ಊಟಕ್ಕೆ ಎಲ್ಲಿ ಚೆನ್ನ?
ಕಿಟಕಿ ದೊಡ್ಡದಿರಲಿ ಎನ್ನುತ್ತೇನೆ.
ನಕ್ಕು, ಮತ್ತೆ ಮೊದಲಿಂದ ಕೇಳುತ್ತಾರೆ.

ಅಜ್ಜಿ ನಮ್ಮಿಂದ ಕಲಿತದ್ದು ಒಂದೇ ಮಾತು, "ಇನ್ನಷ್ಟು ಹಾಕಲಾ?"
ಅದನ್ನೂ ಬೆರಳು ತಪ್ಪಿ ಕಲಿತಳು.
ಸೌಟು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈ ಎತ್ತಿ, ಅಪ್ಪನನ್ನು ಪ್ರತಿ ಶನಿವಾರ
ನಮ್ಮ ಮನೆಯ ಬೆರಳಲ್ಲಿ ಅವಳು ಕೇಳುತ್ತಿದ್ದದ್ದು:
"ಮದುವೆ ಆಗ್ತೀಯಾ?"
ಅಪ್ಪ ಒಮ್ಮೆ ಅಮ್ಮನ ಕಡೆ ನೋಡಿ
ಹೂಂ ಎಂದು ತಲೆಯಾಡಿಸುತ್ತಿದ್ದ.
ಬಟ್ಟಲು ತುಂಬುತ್ತಿತ್ತು.