ಗುಮ್ಮಟ ಜಾರಿದ ಜಾಗ

ಗೆರಾಲ್ಡ್‌ಟನ್ನಿನಲ್ಲಿ ಗಾಳಿಗೆ ಬೇರೆ ಕಸುಬಿಲ್ಲ.
ಮರಗಳ ತಲೆ ಹಿಡಿದು ನೆಲಕ್ಕೆ ಒತ್ತಿದೆ,
ಅವು ಹಾಗೇ, ಅಡ್ಡಡ್ಡ, ಬೆಳೆಯುತ್ತಿವೆ.
ಹಾರ್ಡ್‌ವೇರ್ ಅಂಗಡಿಯ ಹಿಂದೆ ನಿಂತಿತ್ತು ವ್ಯಾನು,
ಬಿಳಿಯದು, ಒಂದು ಕಾಲಕ್ಕೆ.
ಮಾರುವವರು ಇಬ್ಬರು, ಎಸ್ಟೋನಿಯಾದವರು.
ಲೀಸ್ ಮುಂದಿನ ಬಂಪರಿಗೆ ಒರಗಿದ್ದಳು,
ಕಾರೆಲ್ ಹಿಂದಿನ ಚಕ್ರದ ಹತ್ತಿರ.
ಇಬ್ಬರ ನಡುವೆ ಇಡೀ ಗಾಡಿಯಿತ್ತು.

ಐದು ಸಾವಿರದ ಇನ್ನೂರು ಡಾಲರ್, ಅಂದ ಅವನು.
ನಾನು ಚೀಲದಿಂದ ಗೋಳಗುಮ್ಮಟ ತೆಗೆದೆ.
ಫ್ರಿಜ್ಜಿಗೆ ಅಂಟಿಸುವ ಗುಮ್ಮಟ, ನಲವತ್ತು ರೂಪಾಯಿಯದು,
ಇಲ್ಲಿ ಯಾರಿಗಾದರೂ ಕೊಡೋಣವೆಂದು ತಂದದ್ದು,
ಕೊಡುವಷ್ಟು ಹತ್ತಿರ ಯಾರೂ ಬಂದಿರಲಿಲ್ಲ.
ಕರವಸ್ತ್ರ ಸುತ್ತಿ ಬಾಗಿಲಿಗೆ ಹಚ್ಚಿದೆ, ಹಿಡಿಯಿತು.
ಛಾವಣಿಯ ಅಂಚಿಗೆ ಹಚ್ಚಿದೆ, ಹಿಡಿಯಿತು.
ಎಡಗಡೆ ಹಿಂದಿನ ಚಕ್ರದ ಕಮಾನಿಗೆ ಬಂದಾಗ
ಗುಮ್ಮಟ ಜಾರಿ ಟಾರಿನ ಮೇಲೆ ಬಿತ್ತು.

ಮತ್ತೆ ಇಟ್ಟೆ. ಮತ್ತೆ ಬಿತ್ತು.

'ಗಾಡಿ ಸುಳ್ಳು ಹೇಳಂಗಿಲ್ಲವಾ ತಂಗಿ,
ಬಣ್ಣ ಹೇಳತೈತಿ' ಅನ್ನುತ್ತಿದ್ದರು
ರಾಣೆಬೆನ್ನೂರಿನ ಮೇಸ್ತ್ರಿ ಹಜರೇಸಾಬರು.
ಅವರ ಗ್ಯಾರೇಜಿಗೆ ಲೆಕ್ಕ ಬರೆಯಲು ಹೋಗಿ
ಎರಡು ವರ್ಷ ಲೆಕ್ಕಕ್ಕಿಂತ ಪುಟ್ಟಿಯನ್ನೇ ಹೆಚ್ಚು ನೋಡಿದೆ.
ತುಕ್ಕು ತಿಂದ ತೂತಿಗೆ ಮೆತ್ತಿ, ಉಜ್ಜಿ, ಬಣ್ಣ ಬಳಿದರೆ
ಕಣ್ಣು ಒಪ್ಪುತ್ತದೆ, ಕೈ ಒಪ್ಪುತ್ತದೆ,
ಆಯಸ್ಕಾಂತಕ್ಕೆ ಮಾತ್ರ ಮುಲಾಜಿಲ್ಲ.

'ಇಲ್ಲಿ ಏನಾಗಿತ್ತು?'
'ಏನೂ ಇಲ್ಲ' ಅಂದ ಕಾರೆಲ್.
'ಕಾಂಗರೂ' ಅಂದಳು ಲೀಸ್.
ಒಟ್ಟಿಗೇ ಅಂದರು. ಆಮೇಲೆ ಅವತ್ತು ಮೊದಲ ಸಲ
ಒಬ್ಬರನ್ನೊಬ್ಬರು ನೋಡಿದರು.

ಸೀಟು ಎತ್ತಿ ಎಂಜಿನ್ ಮುಟ್ಟಿದೆ. ಬಿಸಿ.
ಬಿಸಿ ಎಂಜಿನ್ ಯಾರು ಕೇಳಿದರೂ ಹೂಂ ಅನ್ನುತ್ತದೆ,
ತಣ್ಣಗಿದ್ದಾಗ ಕೇಳಬೇಕು.
'ಒಂದು ಗಂಟೆ ಕಾಯೋಣ' ಅಂದೆ.

ಸಿಮೆಂಟಿನ ಅಂಚಿನ ಮೇಲೆ ಮೂವರೂ ಕೂತೆವು,
ನಡುವೆ ನಾನು, ನನ್ನ ಕೈಲಿ ಚಿಪ್ಸಿನ ಪೊಟ್ಟಣ.
ಗಾಡಿ ಇಬ್ಬರ ಹೆಸರಲ್ಲಿದೆ, ಇಬ್ಬರೂ ಸಹಿ ಹಾಕಬೇಕು,
ಅದಕ್ಕೆಂದೇ ಅವಳು ಬ್ರೂಮಿನಿಂದ ಒಂದೂವರೆ ದಿನ
ಬಸ್ಸಿನಲ್ಲಿ ಕೂತು ಬಂದಿದ್ದಾಳೆ, ಅವನು ಇನ್ನೂ
ಇದರಲ್ಲೇ ಮಲಗುತ್ತಿದ್ದಾನೆ ಎಂಬುದೆಲ್ಲ
ಪೊಟ್ಟಣ ಅರ್ಧ ಮುಗಿಯುವ ಹೊತ್ತಿಗೆ ತಿಳಿಯಿತು.
ಕಾಂಗರೂ ಗುದ್ದಿದ ರಾತ್ರಿ ಓಡಿಸುತ್ತಿದ್ದವರು ಯಾರು?
ಕೇಳಲಿಲ್ಲ. ಬೆರಳ ಮೇಲಿನ ಬಾಳೆಯ ಕರೆ ಉಜ್ಜುತ್ತ ಕೂತೆ.
ಕಾರ್ನಾರ್ವನ್ನಿನ ತೋಟದಲ್ಲಿ ಐದು ತಿಂಗಳು
ಗೊನೆ ಹೊತ್ತು ಕೂಡಿಟ್ಟ ದುಡ್ಡು ಹೋಗುತ್ತಿದೆ,
ಕರೆ ಹೋಗುತ್ತಿಲ್ಲ.

'ಅದು ಯಾವ ಕಟ್ಟಡ?' ಲೀಸ್ ಗುಮ್ಮಟ ತೋರಿಸಿದಳು.
ನಮ್ಮ ಕಡೆಯ ಸುಲ್ತಾನನ ಗೋರಿ,
ಒಳಗೆ ಈ ಗೋಡೆಗೆ ಪಿಸುಗುಟ್ಟಿದರೆ
ಆ ಗೋಡೆಯವರಿಗೆ ಕೇಳುತ್ತದೆ ಅಂದೆ.
ಯಾರೂ ಏನೂ ಅನ್ನಲಿಲ್ಲ. ಚಿಪ್ಸ್ ಮುಗಿದಿತ್ತು.

ತಣ್ಣಗಾದ ಎಂಜಿನ್ ಎರಡು ಸಲ ಕೆಮ್ಮಿ
ಮೂರನೆಯದಕ್ಕೆ ಹತ್ತಿತು.
ಸ್ಕ್ರೂಡ್ರೈವರಿನ ಹಿಡಿ ಕಿವಿಗೆ ಒತ್ತಿ ಕೇಳಿದೆ,
ಒಳಗೆ ಯಾರೋ ಸಣ್ಣಗೆ ಮಗ್ಗ ನೇಯುತ್ತಿದ್ದರು.
ಪರವಾಗಿಲ್ಲ.

ನಾಲ್ಕು ಸಾವಿರದ ಒಂದು ನೂರಕ್ಕೆ ಇಳಿದ.
ಪ್ಲಾಸ್ಟಿಕ್ಕಿನ ನೋಟುಗಳು ಗಾಳಿಗೆ ಕೈಮೀರುತ್ತಿದ್ದವು,
ಎರಡು ಪಾಲು ಮಾಡಿ ಒಂದರ ಮೇಲೆ ಗುಮ್ಮಟ ಇಟ್ಟೆ,
ಇನ್ನೊಂದರ ಮೇಲೆ ಕೆಟಲ್.
'ಕೆಟಲ್ ನನ್ನದು' ಅಂದಳು ಲೀಸ್.
'ತಗೋ' ಅಂದ ಕಾರೆಲ್. ಅವಳು ತಗೊಳ್ಳಲಿಲ್ಲ.

ಕೌಂಟರಿನಲ್ಲಿ ಫಾರ್ಮು ತುಂಬಿದೆ. ನೀಲಗಂಗಾ ಹಾದಿಮನಿ.
ಅಡ್ಡಹೆಸರು ಬರೆಯುವಾಗ ನನಗೇ ನಗು ಬಂತು.
ಗಾಡಿ ರಾತ್ರಿ ನಿಲ್ಲುವ ವಿಳಾಸ?
ಈ ಖಾನೆ ಖಾಲಿ ಬಿಡುವಂತಿಲ್ಲ, ಅಂದಳು ಅಲ್ಲಿಯವಳು.
ಹಾಸ್ಟೆಲಿನ ರಸ್ತೆಯ ಹೆಸರು ಬರೆದೆ.

ಹೊರಡುವಾಗ ಇಬ್ಬರೂ ಕಿಟಕಿಗೆ ಬಂದರು,
ಆ ಕಿಟಕಿಗೊಬ್ಬರು, ಈ ಕಿಟಕಿಗೊಬ್ಬರು.
'ರಾತ್ರಿ ಮೂತಿ ಗಾಳಿಗೆ ಮಾಡಿ ನಿಲ್ಲಿಸು' ಅಂದಳು ಲೀಸ್.
'ಬೆನ್ನು ಗಾಳಿಗೆ' ಅಂದ ಕಾರೆಲ್.

ಊರಾಚೆ, ಮಲಗಿದ ಮರವೊಂದರ ಪಕ್ಕ,
ನಾನು ಅಡ್ಡ ನಿಲ್ಲಿಸಿದೆ.
ಬೆಳಗಿನ ತನಕ ತೂಗಿತು.