ಕೆಂಪು ಕದಲಿದಲ್ಲಿ

ಭಾನುವಾರ ಬೇಸಿನ್ನಿಗೆ ಬೆಂಕಿಯಿಲ್ಲ.
ಶನಿವಾರವೇ ಒಂದು ಡಬ್ಬಿ ಹುಳು ಎತ್ತಿಟ್ಟಿದ್ದೆ,
ಗೂಡು ಬಿಚ್ಚಿದ ಮೇಲೆ ಉಳಿಯುತ್ತದಲ್ಲ, ಬೆಂದ ಹುಳು,
ಅದರ ನಾತ ನಮಗೆ ನಾತವಲ್ಲ, ಸಂಬಳ.
ಶಿಡ್ಲಘಟ್ಟದ ಹೊರಗೆ, ಇಟ್ಟಿಗೆ ಭಟ್ಟಿ ದಾಟಿ,
ಹಿಪ್ಪುನೇರಳೆ ತೋಟದ ಬದಿಗೆ ಬಸಿಗಾಲುವೆ.
ಕೆರೆ ಕಂಡವರು ಇದನ್ನು ಮೋರಿ ಅನ್ನುತ್ತಾರೆ.
ಅನ್ನಲಿ.
ಕೋಡಿಯ ನೀರು, ತೋಟ ಬಸಿದ ನೀರು, ನಮ್ಮ ಬೇಸಿನ್ನಿನ ಕಂದು ನೀರು
ಮೂರೂ ಇಲ್ಲಿ ಬಂದು ಸುಸ್ತಾಗಿ ಮಲಗುತ್ತವೆ,
ಮೇಲೆ ಅಂತರಗಂಗೆಯ ಹೊದಿಕೆ.

ಇಲ್ಲಿಗೆ ನನ್ನನ್ನು ಮೊದಲು ಕರೆತಂದವನು ದಸ್ತಗೀರ್ ಮಾಮ,
ಹನ್ನೆರಡು ವರ್ಷ ನನ್ನ ಎಳೆಗೆ ಚರಕ ತಿರುವಿದವನು.
ಹೆಂಗಸು ಗಾಳ ಹಿಡಿಯೋದಾ ಎಂದು ಏರಿಯ ಮೇಲೆ ನಕ್ಕವರಿಗೆ
"ಇವಳು ಕುದಿಯೋ ನೀರಲ್ಲಿ ಕೂದಲಿಗಿಂತ ಸಣ್ಣ ಎಳೆ ಹುಡುಕ್ತಾಳೆ,
ನಿಮ್ಮ ಜೇಬಲ್ಲಿ ನಿಮಗೆ ಬೀಡಿ ಸಿಗಲ್ಲ" ಅಂದಿದ್ದ.

ಅವನ ಲೆಕ್ಕ ಹೀಗೆ:
ಹುಳುವಿಗೆ ಜಿಲೇಬಿ ಮರಿ ಬೀಳುತ್ತದೆ,
ಜಿಲೇಬಿ ಮರಿಗೆ ಕೊರಮೀನು.
ಬೆನ್ನಿನ ತೊಗಲಿಗಷ್ಟೇ ಮುಳ್ಳು ಚುಚ್ಚು, ಎಲುಬಿಗೆ ತಾಗದಂತೆ,
ಅದು ಈಜುತ್ತಿರಬೇಕು, ತನಗೇನೂ ಆಗಿಲ್ಲ ಅಂದುಕೊಂಡು.
ಜೊಂಡಿನ ಬುಡಕ್ಕೆ ಬಿಡು. ನಿನ್ನ ನೆರಳು ನೀರಿಗೆ ಬೀಳಬಾರದು.
ಕೊರಮೀನು ಓಡಿಸಿಕೊಂಡು ಹೋಗಿ ಹಿಡಿಯೋ ಪ್ರಾಣಿ ಅಲ್ಲ,
ಗೂಡಿನ ಮಾರುಕಟ್ಟೆಯ ದಲ್ಲಾಳಿ ಹಾಗೆ
ಕಣ್ಣು ಅರ್ಧ ಮುಚ್ಚಿ ಮೂಲೆಯಲ್ಲಿ ಕೂತಿರುತ್ತೆ.

ಇನ್ನೊಂದು ಮಾತು ಅವನು ಹೇಳಿದ್ದು ಒಂದೇ ಸಲ:
ಕೆಂಪು ಕದಲಿದಲ್ಲಿ ಗಾಳ ಇಡಬೇಡ.

ನಾನು ಇಟ್ಟಿದ್ದೆ.
ಆ ವರ್ಷ, ಮಳೆ ಶುರುವಾದ ವಾರ,
ನೂಲಿಗೆ ಬಣ್ಣ ಹಾಕುವವನು ಕೈ ತೊಳೆದ ಹಾಗೆ ನೀರ ಮೇಲೊಂದು ಕೆಂಪು.
ಸಾವಿರ ಮರಿ, ಉಸಿರಿಗೆ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು.
ನನ್ನ ಜಿಲೇಬಿ ಅವುಗಳ ನಡುವೆ ಬಿದ್ದದ್ದೇ ತಡ
ನೀರಿನ ಕಪಾಳಕ್ಕೆ ಯಾರೋ ಹೊಡೆದಂತೆ ಸದ್ದು.
ಎರಡು ಕೇಜಿ ಚಿಲ್ಲರೆ. ಹೊಟ್ಟೆ ಸೀಳಿದರೆ ಖಾಲಿ.
ತಿನ್ನಲು ಬಂದದ್ದಲ್ಲ ಅದು.
ಮರುದಿನ ದಡದಲ್ಲಿ ಬೆಳ್ಳಕ್ಕಿಗಳ ಸಾಲು,
ಅವಸರವೇ ಇಲ್ಲದೆ, ಪಡಿ ಅಂಗಡಿ ಮುಂದೆ ನಿಂತ ಹಾಗೆ.
ಮಾಮ ಬೈಯಲಿಲ್ಲ.
ಆ ವಾರ ಚರಕ ತಿರುವುವಾಗ ನನ್ನ ಕಡೆ ನೋಡಲಿಲ್ಲ, ಅಷ್ಟೆ.

ಪಡಿ ಅಂಗಡಿ ಅಂದೆನಲ್ಲ,
ಅಲ್ಲಿಯ ಯಂತ್ರಕ್ಕೆ ನನ್ನ ಹೆಬ್ಬೆಟ್ಟಿನ ಗುರುತಿಲ್ಲ.
ಬಿಸಿನೀರು ಗೆರೆಗಳನ್ನೆಲ್ಲ ಬಿಚ್ಚಿಕೊಂಡು ಹೋಗಿದೆ.
"ಒರೆಸಿ ಇಡಮ್ಮ, ಒತ್ತಿ ಇಡಮ್ಮ" ಅಂತಾನೆ ಹುಡುಗ.
ಇಲ್ಲಿ, ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಕೂತರೆ
ಆ ಸವೆದ ಬೆರಳಿಗೇ ತಳದ ಸುದ್ದಿ ಬರುತ್ತದೆ:
ಇದು ಏಡಿ ಮುಟ್ಟಿದ್ದು. ಇದು ಬೇರು.
ಇದು ಜಿಲೇಬಿಯ ಪುಕ್ಕಲು.
ಇದು

ನಿಂತಿತು.
ಮರಿ ಉಸಿರು ಬಿಗಿಹಿಡಿದ ಹಾಗೆ ದಾರ ನಿಂತಿತು.
ಜೊಂಡಿನಾಚೆ, ನಾನು ನೋಡಿರಲಿಲ್ಲ, ಅಂಗೈಯಗಲ ಕೆಂಪು.
ಆಮೇಲೆ ಹೊಡೆತ.
ಎಳೆಯಬೇಕು. ಕೈಗೆ ಗೊತ್ತು. ಕೈ ಎದ್ದೂ ಬಿಟ್ಟಿತ್ತು.
ಆದರೆ ಎಳೆ ತುಂಡಾಗುವ ಮುನ್ನ ಬೇಸಿನ್ನಿನಲ್ಲಿ
ಕೈ ತಾನೇ ಸಡಿಲವಾಗುತ್ತದಲ್ಲ, ಹಾಗೆ
ಬಿಟ್ಟೆ, ಒಂದು ಮಾರು, ಎರಡು ಮಾರು.
ಅದು ನನ್ನ ಮರಿಯನ್ನು ದೂರಕ್ಕೆ ಒಯ್ದು
ತಿನ್ನದೆ
ಉಗಿಯಿತು.

ಇದನ್ನು ದಯೆ ಅನ್ನಬೇಡಿ.
ಮುನ್ನೂರು ಹೆಜ್ಜೆ ಕೆಳಗೆ, ಸಿಮೆಂಟು ಪೈಪಿನ ಬಾಯಲ್ಲಿ,
ಸಂಜೆಗೆ ಇನ್ನೊಂದನ್ನು ಹಿಡಿದೆ, ಮುಕ್ಕಾಲು ಕೇಜಿ, ಒಂಟಿ.
ಅದಕ್ಕೆ ಹಸಿವಿತ್ತು. ನನಗೂ.

ಕೊರಮೀನು ಬೇಗ ಸಾಯುವುದಿಲ್ಲ.
ಹುಣಸೆ ನೆನೆಹಾಕಿ, ಖಾರ ಅರೆದು ಮುಗಿಸಿದರೂ
ಬಕೆಟ್ಟಿನಲ್ಲಿ ಮೂತಿ ಎತ್ತಿ ಗಾಳಿ ಗುಟುಕರಿಸುತ್ತಿತ್ತು.
ದಸ್ತಗೀರ್ ಮಾಮ ಕೊನೆಯ ತಿಂಗಳು
ಹಬೆ ತುಂಬಿದ ಎದೆಯಲ್ಲಿ ಹಾಗೇ ಗುಟುಕರಿಸುತ್ತಿದ್ದ,
ಗೋಡೆಗೆ ಒರಗಿ, ಬಲಗೈ ಮಾತ್ರ
ಇಲ್ಲದ ಚರಕ ತಿರುವುತ್ತ.

ಕೈಗೆ ಬೂದಿ ಹಚ್ಚಿಕೊಂಡು ಈಳಿಗೆಯ ಮುಂದೆ ಕೂತೆ.
ಇನ್ನೊಂದು ಗುಟುಕು ತಗೊಳ್ಳಲಿ ಅಂತ ಕಾದೆ.
ತಗೊಂಡಿತು.
ಇನ್ನೊಂದು.