ಬೆಳಕು ಕಾಣದ ಮಣ್ಣು

ಚೌಬಾರಾದ ಹಿಂದಿನ ಗಲ್ಲಿಯಲ್ಲಿ
ವೈಜಿನಾಥ ಮಾಮಾನ ಸ್ಟುಡಿಯೋ.
ನನ್ನ ಕೆಲಸ, ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ
ಮದುಮಕ್ಕಳ ಸಿಡುಬಿನ ಕಲೆ ಮುಚ್ಚುವುದು.

ಆ ವರ್ಷ ಹೈದರಾಬಾದಿನಿಂದ ಆರ್ಡರು ಬಂತು:
ಮೊಹಿಯುದ್ದೀನ್ ಸಾಬರ ಹುಕ್ಕಾ, ಹೂಜಿ, ಪಾನದಾನ,
ಎಲ್ಲ ಸ್ಲೈಡಿನಲ್ಲೇ ಬೇಕು.
ಬಿದರಿ ಅಂದರೆ ಗೊತ್ತಲ್ಲ,
ಅಮಾಸಿಯಂಥ ಕಪ್ಪು, ಅದರೊಳಗೆ ಬೆಳ್ಳಿ ಬಳ್ಳಿ.
ಬಳ್ಳಿಗೆ ಅಳೆದರೆ ಹೂಜಿಯೇ ಮಾಯ,
ಹೂಜಿಗೆ ಅಳೆದರೆ ಬಳ್ಳಿ ಸುಟ್ಟು ಬರಿಗಾಜು.
"ಭಾಳ ಸಿಟ್ಟಿನ ಫಿಲಂ ಇದು, ತಂಗಿ.
ಅರ್ಧ ಸ್ಟಾಪ್ ತಪ್ಪಿದ್ರ ಮಾತೇ ಬಿಡ್ತದ."
ಹುಮನಾಬಾದಿನ ತಮ್ಮನ ಜೊತೆ ಮಾಮಾ ಮಾತು ಬಿಟ್ಟು
ಆಗ ಒಂಬತ್ತು ವರ್ಷ.

ಹಳೆ ಧೋತರ ಕಿಟಕಿಗೆ ಕಟ್ಟಿ, ಬಿಸಿಲು ಸೋಸಿ,
ಮೀಟರಿನ ಮುಳ್ಳಿಗೆ ಬೈಯುತ್ತ
ಮೂವತ್ತಾರು ಸಲ ಒತ್ತಿದ.

ಸಾಬರು ಆಚೆ ಕೂತು
ಕೋಟೆಯ ಮಣ್ಣು ನಾಲಗೆ ತುದಿಗಿಟ್ಟು ನೋಡುತ್ತಿದ್ದರು.
"ಬಿಸಿಲು ಮಳಿ ಕಾಣದ ಮಣ್ಣು ಬೇಕವ್ವಾ,
ಕಂಡಿದ್ದು ಕಪ್ಪು ಕೊಡಂಗಿಲ್ಲ."
ನಕ್ಕೆ. ನಮ್ಮ ಡಬ್ಬಿಯೊಳಗಿನದೂ ಅಂಥದೇ.
ಆದರೆ ಅವರ ಬೆಳ್ಳಿ ಉಜ್ಜಿದಷ್ಟೂ ಹೊಳೆಯುತ್ತದೆ,
ನಮ್ಮದು ಬೆಳಕು ಉಂಡಷ್ಟೂ ಕಪ್ಪಾಗುತ್ತದೆ.

ಇನ್ನೊಂದು ಕ್ಯಾಮೆರಾದಲ್ಲಿ ಊಟಿಯ ಕಪ್ಪು-ಬಿಳಿ ಸುರುಳಿ.
ಹೊಸ್ತಿಲಲ್ಲಿ ಜುಲೇಖಾಬಿ ತೊಗರಿಬೇಳೆ ಕೇರುತ್ತಿದ್ದಳು,
ಅರ್ಧ ಮುಖ ಬಿಸಿಲು,
ಅರ್ಧ ನಡುಮನೆಯ ಕತ್ತಲು.
ಮೀಟರು ಕೇಳುವ ಧೈರ್ಯವಾಗದೆ
ಒಳಗಿನ ಕತ್ತಲಿಗೆ ಹೊಂದಿಸಿದ್ದನ್ನು ಹಾಗೇ ಇಟ್ಟು
ಒತ್ತಿಬಿಟ್ಟೆ.
ಮೂರು ಸ್ಟಾಪ್ ಹೆಚ್ಚು. ನಾಲ್ಕೂ ಇರಬಹುದು.

ಮುಂಬೈಯಿಂದ ತೊಳೆದು ಬಂದ ಸ್ಲೈಡುಗಳಲ್ಲಿ
ಏಳು ಉಳಿದವು.
ನನ್ನ ನೆಗೆಟಿವ್ ರೊಟ್ಟಿ ಹಂಚಿನಷ್ಟು ಕರಿ.
ಮಾಮಾ ಬಲ್ಬಿಗೆ ಹಿಡಿದು ನೋಡಿ, "ಕೆಡ್ಸಿದಿ" ಅಂದ.

ಎಲ್ಲರೂ ಮಲಗಿದ ಮೇಲೆ
ಎನ್ಲಾರ್ಜರಿನ ಕೆಳಗೆ ಎಣಿಸುತ್ತ ನಿಂತೆ,
ಇಪ್ಪತ್ತು, ನಲವತ್ತು, ತೊಂಬತ್ತು.
ಟ್ರೇ ಅಲುಗಿಸಿದೆ.
ಮೊದಲು ನಡುಮನೆ ಬಂತು,
ಅದರ ಕತ್ತಲಲ್ಲಿ ನಾನು ನೋಡೇ ಇರದ
ಗಡಿಗೆಗಳ ಸಾಲು, ಗೂಟಕ್ಕೆ ನೇತಾಡುವ ಟೋಪಿ.
ಆಮೇಲೆ ಮೊರ,
ಗಾಳಿಯಲ್ಲೇ ನಿಂತ ನಾಲ್ಕು ಬೇಳೆ.
ಕೊನೆಗೆ, ತೀರಾ ತಡವಾಗಿ,
ಬಿಸಿಲಿನ ಕೆನ್ನೆಯ ಮೇಲೆ ಒಂದು ಸುಕ್ಕು.

ಯಾವಾಗ ಎದ್ದು ಬಂದನೋ,
ಕೆಂಪು ದೀಪದಲ್ಲಿ ಮಾಮಾನ ಬನಿಯನ್ನು.
ಒದ್ದೆ ಕಾಗದ ಬಹಳ ಹೊತ್ತು ನೋಡಿದ.
"ಎಷ್ಟು ಕೊಟ್ಟಿ?"
"ತೊಂಬತ್ತು ಸೆಕೆಂಡು."
"ನೂರಾಹತ್ತು ಕೊಡು.
ಕೆನ್ನಿ ಇನ್ನಾ ಬರೂದದ."